ಕ್ಯಾಮರಾದ ಕೆಂಪು ಕಿಟಕಿ

ಹಳೆಯ ಜರ್ಮನ್ ಕ್ಯಾಮರಾವೊಂದು ಕೈಗೆ ಬಂದರೆ ಮೊದಲು ಅದರ ಬೆನ್ನನ್ನು ನೋಡಬೇಕು. ಮುಂಭಾಗದಲ್ಲಿ ಎಲ್ಲರ ಕಣ್ಣಿಗೂ ಬೀಳುವ ಗಾಜಿದೆ. ತಿದಿಯಂತೆ ಮಡಚಿಕೊಳ್ಳುವ ಕಪ್ಪು ಚರ್ಮವಿದೆ. ಅಂದವಾಗಿ ಕೆತ್ತಿದ ತಯಾರಕರ ಹೆಸರಿದೆ. ಬೆನ್ನಿನಲ್ಲಿರುವುದು ಕಾಸಿನಗಲದ ಒಂದು ಕೆಂಪು ಕಿಟಕಿ ಮಾತ್ರ. ಫಿಲ್ಮಿನ ಹಿಂದೆ ಸುತ್ತಿಕೊಂಡು ಬರುವ ಕಾಗದದ ಮೇಲೆ ಒಂದು, ಎರಡು, ಮೂರು ಎಂದು ಅಚ್ಚಾದ ಅಂಕಿಗಳು ಆ ಕಿಟಕಿಯ ಹಿಂದೆ ಒಂದೊಂದಾಗಿ ಹಾಯುತ್ತವೆ. ಎಷ್ಟು ಪಟ ಆಯಿತು, ಎಷ್ಟು ಉಳಿಯಿತು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಇಷ್ಟೇ ಕೆಲಸಕ್ಕೆ ಹಳದಿ ಗಾಜಾದರೂ ಆಗುತ್ತಿತ್ತು, ಹಸಿರಾದರೂ ಆಗುತ್ತಿತ್ತು. ಅದು ಕೆಂಪೇ ಏಕೆ?

ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿದವರು ಬರ್ಲಿನ್ ನಗರಕ್ಕೂ, ಕಲಬುರಗಿಯ ಕೋಟೆಗೂ, ಕಮಲಾಪುರದ ಬಾಳೆಯ ತೋಟಕ್ಕೂ ಹೋಗಿ, ಕಡೆಗೆ ತಮ್ಮ ಮನೆಯ ಗೋಡೆಯ ಮೇಲಿನ ಮದುವೆಯ ಪಟದ ಮುಂದೆ ಬಂದು ನಿಲ್ಲಬೇಕಾಗುತ್ತದೆ. ಹಳೆಯ ಕ್ಯಾಮರಾ ಬಳಸಲು ಕಲಿಯುವುದು ಬರಿಯ ಹವ್ಯಾಸವೆಂದು ತಿಳಿದವರು ಈ ದಾರಿಯನ್ನು ಒಮ್ಮೆ ನಡೆದು ನೋಡಬಹುದು.

ನಮ್ಮ ನಾಡಿಗೆ ಕ್ಯಾಮರಾ ಬಂದುದು ತಡವಾಗಿಯೇನೂ ಅಲ್ಲ. ಡಾಗೇರನ ವಿಧಾನ ಪ್ಯಾರಿಸ್ಸಿನಲ್ಲಿ ಬಹಿರಂಗವಾದುದು ೧೮೩೯ರಲ್ಲಿ. ಹದಿನಾರು ವರ್ಷ ಕಳೆಯುವಷ್ಟರಲ್ಲಿ, ೧೮೫೫ರಲ್ಲಿ, ಮುಂಬಯಿ ಸರ್ಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಪಟ ತೆಗೆಯುವ ಕೆಲಸಕ್ಕೆ ನೇಮಿಸಿತ್ತು. ಮರುವರ್ಷ ಗ್ರೀನ್‌ಲಾ ಎಂಬ ಇನ್ನೊಬ್ಬ ಅಧಿಕಾರಿ ಹಂಪೆಯ ಹಾಳುಗಳ ನಡುವೆ ಭಾರಿ ಪೆಟ್ಟಿಗೆಯೊಂದನ್ನು ಹೊತ್ತು ತಿರುಗಿದನು. ಬಿಗ್ಸ್ ಮತ್ತು ಆತನ ಜೊತೆಗಾರರ ಪಟಗಳು ೧೮೬೬ರಲ್ಲಿ ಗ್ರಂಥರೂಪದಲ್ಲಿ ಹೊರಬಂದಾಗ ಅವಕ್ಕೆ ಚರಿತ್ರೆಯ ವಿವರಣೆ ಬರೆದವನು ಮೆಡೋಸ್ ಟೇಲರ್. ಸುರಪುರದಲ್ಲಿ ಬಹುಕಾಲ ಅಧಿಕಾರಿಯಾಗಿದ್ದು ಅಲ್ಲಿಯ ಜನರ ಬಾಯಲ್ಲಿ ನೆಲೆನಿಂತ ಟೇಲರನ ಹೆಸರು ಕಲಬುರಗಿ ಸೀಮೆಯವರಿಗೆ ಹೊಸದಲ್ಲ.

ಕಲಬುರಗಿ ಆಗ ನಿಜಾಮರ ಆಡಳಿತದಲ್ಲಿತ್ತು. ೧೮೭೧ರಲ್ಲಿ ಮುಂಬಯಿ ಮತ್ತು ಮದರಾಸುಗಳ ರೈಲುದಾರಿಗಳು ರಾಯಚೂರಿನಲ್ಲಿ ಒಂದನ್ನೊಂದು ಕೂಡಿಕೊಂಡ ಮೇಲೆ ಊರಿಗೆ ಹೊರಗಿನ ಸರಕು ಬರುವುದು ಸುಲಭವಾಯಿತು. ೧೮೮೦ರ ದಶಕದಲ್ಲಿ ಲಾಲಾ ದೀನ್ ದಯಾಳರ ಕ್ಯಾಮರಾ ಕಲಬುರಗಿಯ ಕೋಟೆಯತ್ತ ತಿರುಗಿತು. ದೀನ್ ದಯಾಳರು ಮೀರತ್ತಿನ ಬಳಿಯ ಸರಧನದವರು. ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿ, ಇಂದೂರಿನಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದಾಗ ಪಟ ತೆಗೆಯುವ ವಿದ್ಯೆ ಕಲಿತವರು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಅವರನ್ನು ಆಸ್ಥಾನದ ಛಾಯಾಚಿತ್ರಗಾರರನ್ನಾಗಿ ಮಾಡಿಕೊಂಡು ‘ಮುಸವ್ವಿರ್ ಜಂಗ್’ ಎಂಬ ಬಿರುದನ್ನಿತ್ತರು. ಕಲಬುರಗಿ ಕೋಟೆಯ ಮಸೀದಿಯ ಅವರ ಪಟ ಇಂದಿಗೂ ಉಳಿದಿದೆ.

ಆ ಕಾಲದ ಹೊರಾಂಗಣ ಪಟಗಳನ್ನು ನೋಡುವವರು ಒಂದು ಸಂಗತಿಯನ್ನು ಗಮನಿಸದೆ ಇರಲಾರರು. ಆಕಾಶ ಬೋಳಾಗಿರುತ್ತದೆ, ಮೋಡವೆಂಬುದು ಅಪರೂಪ. ಮಳೆ ಕೈಕೊಟ್ಟ ವರ್ಷಗಳಲ್ಲಿಯೇ ಎಲ್ಲ ಪಟಗಳನ್ನೂ ತೆಗೆದರೆಂದು ಇದಕ್ಕೆ ಅರ್ಥವಲ್ಲ. ಅಂದಿನ ಸಾಧಾರಣ ಗಾಜಿನ ಫಲಕಕ್ಕೆ ನೀಲಿ ಬಣ್ಣ ವಿಪರೀತ ಕಾಣುತ್ತಿತ್ತು, ಹಸಿರು ಅಷ್ಟಕ್ಕಷ್ಟೆ, ಕೆಂಪು ಕಾಣುತ್ತಲೇ ಇರಲಿಲ್ಲ. ನೀಲಿಯ ಆಕಾಶ ಬೆಳ್ಳಗಾಗಿ, ಬಿಳಿಯ ಮೋಡ ಅದರಲ್ಲಿ ಕರಗಿಹೋಗುತ್ತಿತ್ತು. ಕೆಂಪು ರುಮಾಲು ಸುತ್ತಿದ ಸರದಾರನ ತಲೆ ಪಟದಲ್ಲಿ ಕರಿ ರುಮಾಲಿನ ತಲೆಯಾಗುತ್ತಿತ್ತು. ಫಲಕಕ್ಕೆ ಕೆಂಪು ಕುರುಡು ಎಂದರೆ ಸರಿಯಾದೀತು.

ಈ ಕುರುಡಿಗೆ ಮೊದಲ ಔಷಧ ಸಿಕ್ಕಿದುದು ಬರ್ಲಿನ್ನಿನಲ್ಲಿ. ೧೮೭೩ರಲ್ಲಿ ಹರ್ಮನ್ ವಿಲ್ಹೆಲ್ಮ್ ಫೋಗೆಲ್ ಎಂಬ ರಸಾಯನಶಾಸ್ತ್ರದ ಅಧ್ಯಾಪಕನು ಇಂಗ್ಲೆಂಡಿನಿಂದ ತರಿಸಿದ ಕೆಲವು ಫಲಕಗಳನ್ನು ಪರೀಕ್ಷಿಸುತ್ತಿದ್ದಾಗ ಅವು ಹಸಿರಿಗೂ ಸ್ಪಂದಿಸಿದುದನ್ನು ಕಂಡನು. ಕಾರಣ ಹುಡುಕಿದರೆ, ಬೇರಾವುದೋ ಉದ್ದೇಶಕ್ಕಾಗಿ ತಯಾರಕರು ಲೇಪದಲ್ಲಿ ಬೆರೆಸಿದ್ದ ಒಂದಿಷ್ಟು ಬಣ್ಣ! ಬಟ್ಟೆಗೆ ಹಾಕುವಂಥ ಬಣ್ಣ ಬೆಳ್ಳಿಯ ಲವಣಕ್ಕೆ ಕಣ್ಣು ಕೊಡಬಲ್ಲದೆಂಬುದು ಅಂದು ತಿಳಿಯಿತು. ಆಗ ಜರ್ಮನಿ ಕೃತಕ ಬಣ್ಣಗಳ ತವರು. ಫಿಲ್ಮಿಗೆ ಹೆಸರಾದ ಅಗ್ಫಾ ಕಂಪನಿಯೂ ಹುಟ್ಟಿದುದು ಅನಿಲಿನ್ ಬಣ್ಣ ತಯಾರಿಸುವುದಕ್ಕೇ. ಆ ಪುಟ್ಟ ಹೆಸರಿನ ಹಿಂದಿರುವ ಉದ್ದನೆಯ ಜರ್ಮನ್ ಹೆಸರಿನಲ್ಲಿ ಅನಿಲಿನ್ನೂ ಒಂದು ಮಾತು. ಇಪ್ಪತ್ತನೆಯ ಶತಮಾನ ಆರಂಭವಾಗುವ ವೇಳೆಗೆ ಮೀಥೆ, ಟ್ರಾಬೆ ಎಂಬ ಜರ್ಮನ್ ವಿಜ್ಞಾನಿಗಳು ಕೆಂಪನ್ನೂ ಕಾಣುವ ಫಲಕದ ದಾರಿ ತೋರಿದರು.

ಶೋಧವಾದ ಮಾತ್ರಕ್ಕೆ ಅದು ಅಂಗಡಿಗೆ ಬಂದಂತಾಗಲಿಲ್ಲ. ಜನಸಾಮಾನ್ಯರ ಸುರುಳಿ ಫಿಲ್ಮು ಬಹುಕಾಲ ಹಸಿರಿನವರೆಗೆ ಕಾಣುತ್ತಿತ್ತೇ ಹೊರತು ಕೆಂಪನ್ನು ಕಾಣುತ್ತಿರಲಿಲ್ಲ. ಕೆಂಪು ಕಿಟಕಿಯ ಗುಟ್ಟು ಇದೇ. ಕೆಂಪು ಬೆಳಕು ಒಳಗೆ ಹೊಕ್ಕರೂ ಕೆಂಪು ಕಾಣದ ಫಿಲ್ಮಿಗೆ ಅದು ಕತ್ತಲೆಯೇ. ಅಂಕಿ ನಮಗೆ ಕಾಣುತ್ತದೆ, ಫಿಲ್ಮಿಗೆ ನಾವು ಕಾಣುವುದಿಲ್ಲ. ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಉರಿಯುತ್ತಿದ್ದುದಕ್ಕೂ ಇದೇ ಕಾರಣ. ಎಲ್ಲ ಬಣ್ಣಗಳನ್ನೂ ಕಾಣುವ ‘ಪ್ಯಾನ್’ ಫಿಲ್ಮು ಬಂದ ಮೇಲೆ ಕಿಟಕಿ ಅಪಾಯದ ಜಾಗವಾಯಿತು. ಆದುದರಿಂದಲೇ ಮುಂದಿನ ಕ್ಯಾಮರಾಗಳಲ್ಲಿ ಅದರ ಮೇಲೆ ಸರಿಸುವ ಮುಚ್ಚಳವೊಂದು ಬಂದಿತು. ಮುಚ್ಚಳವಿದೆಯೇ ಇಲ್ಲವೇ ಎಂಬುದರಿಂದ ಪೆಟ್ಟಿಗೆಯ ವಯಸ್ಸನ್ನು ಸ್ಥೂಲವಾಗಿ ಊಹಿಸಬಹುದು.

ಇನ್ನು ಕ್ಯಾಮರಾದ ಮುಂಭಾಗಕ್ಕೆ ಬರೋಣ. ೧೯೨೫ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಆಸ್ಕರ್ ಬರ್ನಾಕನ ಲೈಕಾ ಮಾರಾಟಕ್ಕೆ ಬಂದಿತು. ಸಿನಿಮಾ ಫಿಲ್ಮಿನ ತುಂಡಿನಲ್ಲಿ ಮೂವತ್ತಾರು ಪಟ ತೆಗೆಯುವ ಈ ಗಿಡ್ಡ ಯಂತ್ರ ಪತ್ರಿಕಾ ಛಾಯಾಗ್ರಹಣದ ದಿಕ್ಕನ್ನೇ ಬದಲಿಸಿತು. ಮರುವರ್ಷ ನಾಲ್ಕು ಕಂಪನಿಗಳು ಕೂಡಿ ಡ್ರೆಸ್ಡೆನ್ನಿನಲ್ಲಿ ತ್ಸೈಸ್ ಇಕಾನ್ ಆಯಿತು. ೧೯೨೯ರಲ್ಲಿ ಬ್ರೌನ್‌ಷ್ವೈಗ್ ಊರಿನಿಂದ ಎರಡು ಕಣ್ಣಿನ ರೋಲೈಫ್ಲೆಕ್ಸ್ ಬಂದಿತು. ಮಡಚಿ ಕೋಟಿನ ಜೇಬಿಗೆ ಸೇರಿಸಬಹುದಾದ ಇಕೋಂಟಾ, ನೆಟ್ಟಾರ್, ಐಸೊಲೆಟ್‌ಗಳು ಮಧ್ಯಮವರ್ಗದ ಅಭಿರುಚಿಗೆ ಒಪ್ಪಿದವು. ೧೯೩೯ರ ಯುದ್ಧ ಜರ್ಮನಿಯ ಸರಕಿಗೆ ಬಾಗಿಲು ಹಾಕಿತು. ೧೯೪೫ರ ನಂತರ ಜರ್ಮನಿಯೇ ಒಡೆದು ಹೋಯಿತು. ಆಗ ತಯಾರಾದ ಕೆಲವು ಕ್ಯಾಮರಾಗಳ ಮೇಲೆ ಯಾವ ಸೇನೆಯ ವಶದಲ್ಲಿದ್ದ ವಲಯ ಎಂಬುದನ್ನೂ ಕೆತ್ತಿರುವುದುಂಟು. ನಮ್ಮಲ್ಲಿ ೧೯೫೦ರ ದಶಕದ ಕೊನೆಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದು ಆಮದು ಬಿಗಿಯಾಯಿತು. ಬರೋಡಾದಲ್ಲಿ ತಯಾರಾದ ಅಗ್ಫಾ ಕ್ಲಿಕ್, ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ ೧೯೬೭ರ ನಂತರ ಬಂದ ‘ಇಂದು’ ಫಿಲ್ಮು ಮನೆಮನೆಗೆ ತಲುಪಿದವು. ಆ ಕಾರ್ಖಾನೆ ಈಗಿಲ್ಲ. ಇಂಥ ಕಾಲದಲ್ಲಿ ಮನೆಯಲ್ಲೊಂದು ಅಸಲು ಜರ್ಮನ್ ಕ್ಯಾಮರಾ ಇದ್ದರೆ ಅದು ಬಂಗಾರದ ಒಡವೆಯ ಪಕ್ಕದಲ್ಲಿ ಟ್ರಂಕು ಸೇರುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಟ್ರಂಕಿನಿಂದ ಹೊರತೆಗೆದ ಕ್ಯಾಮರಾವನ್ನು ಕೂಡಲೇ ಕೆಲಸಕ್ಕೆ ಹಚ್ಚಬಾರದು. ಕತ್ತಲೆಯ ಕೋಣೆಯಲ್ಲಿ ತಿದಿಯ ಒಳಗೆ ಟಾರ್ಚು ಹಿಡಿದು, ಮಡಿಕೆಗಳ ಮೂಲೆಯಲ್ಲಿ ಚುಕ್ಕೆ ಬೆಳಕು ಕಾಣುವುದೋ ನೋಡಬೇಕು. ಬೆಳಕಿನ ಬಾಗಿಲು, ಎಂದರೆ ಷಟರ್, ಒಂದು ಸೆಕೆಂಡಿಗೆ ಇಟ್ಟಾಗ ಒಂದು ಸೆಕೆಂಡೇ ತೆರೆಯುವುದೋ, ಎಣ್ಣೆ ಗಟ್ಟಿಯಾಗಿ ಮೂರು ಸೆಕೆಂಡು ನರಳುವುದೋ ಕಿವಿಗೊಟ್ಟು ಕೇಳಬೇಕು. ನರಳಿದರೆ ಬಲ್ಲವರಿಂದ ಶುಚಿ ಮಾಡಿಸುವುದೊಂದೇ ದಾರಿ. ಮ್ಯೂನಿಕ್ಕಿನ ಕಾಂಪೂರ್ ಷಟರಾದರೆ, ಅತಿ ವೇಗದ ಅಂಕಿಯನ್ನು ಕೀಲು ಎಳೆಯುವ ಮೊದಲೇ ಇಟ್ಟುಕೊಳ್ಳಬೇಕು. ಎಳೆದ ಮೇಲೆ ಒತ್ತಾಯದಿಂದ ತಿರುಗಿಸಿದರೆ ಸ್ಪ್ರಿಂಗು ಮುರಿಯಬಹುದು.

ಕಲಿಯಬೇಕಾದ ಲೆಕ್ಕ ಮೂರೇ: ಬೆಳಕಿನ ಕಂಡಿಯ ಅಳತೆ, ಅದು ತೆರೆದಿರುವ ಹೊತ್ತು, ಎದುರಿನ ವಸ್ತುವಿನ ದೂರ. ಕಂಡಿಯ ಅಂಕಿಗಳು ೪, ೫.೬, ೮, ೧೧, ೧೬ ಎಂದು ಏರುತ್ತವೆ. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧಕ್ಕಿಳಿಯುತ್ತದೆ. ಇನ್ನೂ ಹಳೆಯ ಜರ್ಮನ್ ಪೆಟ್ಟಿಗೆಗಳಲ್ಲಿ ೪.೫, ೬.೩, ೯, ೧೨.೫ ಎಂಬ ಬೇರೆ ಸಾಲಿದ್ದರೂ ತತ್ತ್ವ ಒಂದೇ. ಫಿಲ್ಮಿನ ಚುರುಕನ್ನು ಜರ್ಮನರು ‘ಡಿನ್’ ಎಂಬ ಅಂಶಗಳಲ್ಲಿ ಅಳೆಯುತ್ತಿದ್ದರು. ಮೂರು ಅಂಶ ಏರಿದರೆ ಚುರುಕು ಇಮ್ಮಡಿ. ಇಂದಿನ ಫಿಲ್ಮಿನ ಡಬ್ಬಿಯ ಮೇಲೂ ೧೦೦ರ ಪಕ್ಕದಲ್ಲಿ ೨೧ ಎಂದು ಸಣ್ಣದಾಗಿ ಅಚ್ಚಾಗಿರುವುದು ಅದೇ ಲೆಕ್ಕ. ಬಿಸಿಲಿನ ಸೂತ್ರ ಸರಳವಾದುದು: ನಿರ್ಮಲವಾದ ಬಿಸಿಲಿನಲ್ಲಿ ಕಂಡಿ ೧೬ರಲ್ಲಿದ್ದರೆ, ೧೦೦ರ ಫಿಲ್ಮಿಗೆ ಸೆಕೆಂಡಿನ ನೂರರಲ್ಲೊಂದು ಪಾಲು ಸಾಕು. ಬಿಸಿಲಿಗೆ ಕೊರತೆಯಿಲ್ಲದ ಕಲಬುರಗಿಯಲ್ಲಿ ಈ ಸೂತ್ರವನ್ನು ನೆಚ್ಚಿಕೊಂಡು ವರ್ಷದ ಬಹುಭಾಗ ಕಳೆಯಬಹುದು.

ಸೂತ್ರ ಸೋಲುವ ಜಾಗವೂ ಅದೇ ಊರಿನಲ್ಲಿದೆ. ಕೋಟೆಯ ಒಳಗಿನ ಜಾಮಿ ಮಸೀದಿಯನ್ನು ೧೩೬೭ರಲ್ಲಿ, ಬಹಮನಿ ಅರಸ ಒಂದನೆಯ ಮಹಮ್ಮದ್ ಷಾನ ಕಾಲದಲ್ಲಿ, ಇರಾನಿನ ಕಜ್ವೀನ್ ಮೂಲದ ರಫಿ ಕಟ್ಟಿಸಿದನು. ಉದ್ದ ೨೧೬ ಅಡಿ, ಅಗಲ ೧೭೬ ಅಡಿ. ಇತರ ಮಸೀದಿಗಳಲ್ಲಿರುವಂತೆ ನಡುವೆ ತೆರೆದ ಅಂಗಳವಿಲ್ಲ; ಇಡೀ ಕಟ್ಟಡವನ್ನು ಗುಮ್ಮಟಗಳು ಮುಚ್ಚಿವೆ. ಬೆಳಕು ಮೇಲಿನಿಂದ ಬೀಳದೆ ಪಕ್ಕದ ಕಮಾನುಗಳಿಂದ ತೆವಳಿಕೊಂಡು ಬರುತ್ತದೆ. ಅಂಚಿನ ಕಮಾನಿನಿಂದ ಒಳಕ್ಕೆ ಒಂದೊಂದು ಸಾಲು ಸರಿದಂತೆಲ್ಲ ಬೆಳಕು ಕುಗ್ಗುವುದನ್ನು, ಕ್ಯಾಮರಾ ಹಿಡಿದವನು ಕಂಡಿಯ ಒಂದೊಂದು ಮೆಟ್ಟಿಲಾಗಿ ಎಣಿಸಬಹುದು. ನಡುಭಾಗಕ್ಕೆ ಬರುವಷ್ಟರಲ್ಲಿ ನೂರರಲ್ಲೊಂದು ಪಾಲಿದ್ದುದು ಕಾಲು ಸೆಕೆಂಡೋ ಅರ್ಧ ಸೆಕೆಂಡೋ ಆಗುತ್ತದೆ. ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಅದಿಲ್ಲದವರು ಕಂಬಕ್ಕೆ ಬೆನ್ನು ಕೊಟ್ಟು ಉಸಿರು ಹಿಡಿಯಬೇಕು. ಆ ಅರ್ಧ ಸೆಕೆಂಡು ಎಷ್ಟು ದೀರ್ಘವೆಂಬುದು ಅಲ್ಲಿ ಗೊತ್ತಾಗುತ್ತದೆ. ನಮ್ಮ ಅಜ್ಜಂದಿರು ಪಟದಲ್ಲಿ ಏಕೆ ನಗುವುದಿಲ್ಲ ಎಂಬ ಪ್ರಶ್ನೆಗೂ ಒಂದು ಉತ್ತರ ಅಲ್ಲಿಯೇ ಇದೆ. “ಅಳ್ಳಾಡಬ್ಯಾಡ್ರಿ!” ಎಂದು ಸ್ಟುಡಿಯೋದವನು ಕೂಗಿದಾಗ ನಗು ಹಿಡಿದು ನಿಲ್ಲಿಸುವುದು ಸುಲಭವಲ್ಲ, ಗಾಂಭೀರ್ಯ ಹಿಡಿದು ನಿಲ್ಲಿಸಬಹುದು.

ಬೆಳಕಿನ ಪಾಠ ಕೋಟೆಯಲ್ಲಾದರೆ ಬಣ್ಣದ ಪಾಠ ಕಮಲಾಪುರದಲ್ಲಿ. ಕಮಲಾಪುರವೆಂದೊಡನೆ ಹಂಪೆಯ ಬಳಿಯ ಊರೆಂದು ತಿಳಿಯಬಾರದು. ಇದು ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿ ಮುಕ್ಕಾಲು ಗಂಟೆಯ ಪ್ರಯಾಣದ ಕಮಲಾಪುರ; ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು. ಸಿಪ್ಪೆ ಕೆಂಪು, ಗಾತ್ರ ದಪ್ಪ, ರುಚಿಯ ಮಾತು ಈ ಲೇಖನದ ವಿಷಯವಲ್ಲ. ಕಪ್ಪುಬಿಳುಪು ಫಿಲ್ಮು ಹಾಕಿದ ಕ್ಯಾಮರಾದ ಮುಂದೆ ಈ ಹಣ್ಣಿನಂಥ ಪರೀಕ್ಷಕ ಬೇರೊಬ್ಬನಿಲ್ಲ.

ಒಂದು ಕೆಂಪು ಗೊನೆ, ಪಕ್ಕದಲ್ಲೊಂದು ಸಾಧಾರಣ ಹಳದಿ ಚಿಪ್ಪು, ಹಿಂದೆ ಹಸಿರೆಲೆ ಇರಲಿ. ಎಲ್ಲ ಬಣ್ಣ ಕಾಣುವ ಪ್ಯಾನ್ ಫಿಲ್ಮಿನಲ್ಲಿ ಕೆಂಪು ಗೊನೆಯೂ ಹಸಿರೆಲೆಯೂ ಹೆಚ್ಚುಕಡಿಮೆ ಒಂದೇ ಬೂದಿಬಣ್ಣಕ್ಕಿಳಿದು ಒಂದರಲ್ಲೊಂದು ಬೆರೆತುಹೋಗುತ್ತವೆ. ಮಸೂರದ ಮುಂದೆ ಕೆಂಪು ಗಾಜು ಹಿಡಿದರೆ ಗೊನೆ ಬೆಳಗುತ್ತದೆ, ಎಲೆ ಕಪ್ಪಾಗುತ್ತದೆ. ಹಳೆಯ ಪದ್ಧತಿಯ, ಕೆಂಪು ಕಾಣದ ಫಿಲ್ಮು ಇಂಗ್ಲೆಂಡಿನಲ್ಲಿ ಇಂದಿಗೂ ತಯಾರಾಗುತ್ತದೆ. ಅದನ್ನು ಹಾಕಿ ನೋಡಿದರೆ ಎಲೆ ಬೂದಿ, ಹಳದಿ ಹಣ್ಣು ತಿಳಿಬೂದಿ. ಕಮಲಾಪುರದ ಕೆಂಪು ಬಾಳೆ ಮಾತ್ರ ಇದ್ದಲಿನಂತೆ ಕಪ್ಪು. ಅದೇ ಗೊನೆ, ಅದೇ ಬಿಸಿಲು. ಒಮ್ಮೆ ಬಿಳಿ, ಒಮ್ಮೆ ಬೂದಿ, ಒಮ್ಮೆ ಕಪ್ಪು. ಕ್ಯಾಮರಾ ಸುಳ್ಳು ಹೇಳುವುದಿಲ್ಲ ಎಂದು ನಂಬಿದವರು ಈ ಮೂರು ಪಟಗಳನ್ನು ಪಕ್ಕಪಕ್ಕದಲ್ಲಿಟ್ಟು ಯೋಚಿಸಬೇಕು.

ಈಗ ಗೋಡೆಯ ಮೇಲಿನ ಪಟಕ್ಕೆ ಬರೋಣ. ಅಜ್ಜಿಯ ಮದುವೆಯ ಪಟದಲ್ಲಿ ಅಜ್ಜಿ ಕಪ್ಪು ಸೀರೆ ಉಟ್ಟಿದ್ದಾಳೆ. ಹಣೆಯ ಮೇಲಿನ ಕುಂಕುಮವೂ ಕಾಡಿಗೆಯ ಬೊಟ್ಟಿನಂತೆ ಕಪ್ಪಾಗಿದೆ. ಮೊಮ್ಮಕ್ಕಳು ಇದರಿಂದ ಏನೇನೋ ಊಹಿಸುತ್ತಾರೆ: ಆ ಕಾಲದಲ್ಲಿ ಮದುವೆಗೆ ಕಪ್ಪು ನಡೆಯುತ್ತಿತ್ತೇನೋ, ಚಂದ್ರಕಾಳಿ ಸೀರೆಯೇ ಇರಬೇಕೇನೋ, ಮನೆಯಲ್ಲಿ ಬಡತನವಿತ್ತೇನೋ. ಅದು ಚಂದ್ರಕಾಳಿಯೇ ಇದ್ದರೂ ಇರಬಹುದು. ಆದರೆ ಅಚ್ಚ ಕೆಂಪು ಸೀರೆಯೂ ಆ ಫಿಲ್ಮಿನಲ್ಲಿ ಹಾಗೆಯೇ ಕಾಣುತ್ತಿತ್ತು. ಕೊಡಕ್ ಕಂಪನಿಯ ಜನಪ್ರಿಯ ವೆರಿಕ್ರೋಮ್ ಸುರುಳಿ ಕೆಂಪನ್ನು ಕಾಣುವ ಪ್ಯಾನ್ ಆದುದು ೧೯೫೬ರಲ್ಲಿ. ಅದೇ ವರ್ಷದ ನವೆಂಬರ್ ೧ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಎಂದ ಮೇಲೆ, ನಿಜಾಮರ ಕಡೆಯ ವರ್ಷಗಳು, ೧೯೪೮ರ ಸೆಪ್ಟೆಂಬರ್ ೧೭ರಂದು ಮುಗಿದ ಪೊಲೀಸ್ ಕಾರ್ಯಾಚರಣೆ, ಅದರ ಹಿಂದುಮುಂದಿನ ಸಂಕಟದ ದಿನಗಳು, ಹೈದರಾಬಾದ್ ರಾಜ್ಯದ ಎಂಟು ವರ್ಷಗಳು, ಇವುಗಳಿಂದ ನಮಗೆ ಉಳಿದಿರುವ ಮನೆಯ ಪಟಗಳಲ್ಲಿ ಬಹಳಷ್ಟನ್ನು ಕೆಂಪು ಕಾಣದ ಕಣ್ಣು ಕಂಡಿರಬಹುದು. ಆ ಕಾಲದ ಒಂದು ಬಾವುಟ, ಒಂದು ರುಮಾಲು, ಒಂದು ಕಲೆ ಪಟದಲ್ಲಿ ಕಪ್ಪಾಗಿದ್ದರೆ ಅದು ಕಪ್ಪೇ ಆಗಿತ್ತೆಂದು ಚರಿತ್ರೆ ಬರೆಯುವವರು ಅವಸರದಿಂದ ಹೇಳಬಾರದು.

ಕಿಸೆಯಲ್ಲಿ ಫೋನಿರುವಾಗ ಇಷ್ಟು ತೊಂದರೆ ಏತಕ್ಕೆಂದು ಕೇಳುವವರುಂಟು. ಹೊಸ ಪಟ ಬೇಕಾದರೆ ಫೋನು ಸಾಕು; ಅದರಲ್ಲಿ ವಾದವಿಲ್ಲ. ಆದರೆ ಹಳೆಯ ಪಟವನ್ನು ಓದುವ ವಿದ್ಯೆಯನ್ನು ಫೋನು ಕಲಿಸುವುದಿಲ್ಲ. ಹನ್ನೆರಡೇ ಪಟದ ಸುರುಳಿಯನ್ನು ಒಮ್ಮೆ ಮುಗಿಸಿದವನಿಗೆ, ನೆಗೆಟಿವಿನ ಅಳತೆಯಿಂದ ಅದು ಮಡಚುವ ಕ್ಯಾಮರಾದ್ದೋ ಲೈಕಾದ ಬಗೆಯದೋ ತಿಳಿಯುತ್ತದೆ. ಅಲುಗಾಡಿದ ಕೈಯನ್ನು ಕಂಡು ಬೆಳಕು ಎಷ್ಟು ಕಡಿಮೆಯಿತ್ತೆಂದು ತಿಳಿಯುತ್ತದೆ. ಒಂದರ ಮೇಲೊಂದು ಬಿದ್ದ ಎರಡು ಚಿತ್ರಗಳನ್ನು ಕಂಡರೆ, ಸುರುಳಿ ತಿರುಗಿಸುವುದು ಮರೆತಿದೆಯೆಂದು ತಿಳಿಯುತ್ತದೆ, ಭೂತಚೇಷ್ಟೆಯೆಂದಲ್ಲ. ನೆಗೆಟಿವಿನ ಹೊಳಪಿನ ಮೈ ನಮ್ಮ ಕಡೆಗಿದ್ದರೆ ಚಿತ್ರ ಸರಿಯಾದ ದಿಕ್ಕಿಗಿರುತ್ತದೆ. ಕನ್ನಡವೂ ಉರ್ದುವೂ ಒಟ್ಟಿಗಿರುವ ಕಲಬುರಗಿಯ ಅಂಗಡಿಯ ಹಲಗೆಯನ್ನು ಓದಬೇಕಾದಾಗ ಇಷ್ಟು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

ಅಂಥ ನೆಗೆಟಿವುಗಳ ಬೆಲೆ ಏನೆಂಬುದಕ್ಕೆ ಇನ್ನೊಂದು ಕಮಲಾಪುರದ ನೆರೆಹೊರೆಯೇ ಸಾಕ್ಷಿ. ೧೮೫೬ರಲ್ಲಿ ಗ್ರೀನ್‌ಲಾ ಹಂಪೆಯಲ್ಲಿ ತೆಗೆದ ಮೇಣಗಾಗದದ ನೆಗೆಟಿವುಗಳು ನೂರಕ್ಕೂ ಹೆಚ್ಚು ವರ್ಷ ಬಾಳಿದವು. ೧೯೮೩ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕರು ಅವವೇ ಜಾಗಗಳಲ್ಲಿ ನಿಂತು ಮತ್ತೆ ಪಟ ತೆಗೆದರು. ಎರಡನ್ನೂ ಜೊತೆಗಿಟ್ಟಾಗ ಯಾವ ಗೋಪುರ ಕುಸಿದಿದೆ, ಯಾವ ಕಂಬ ಇಲ್ಲವಾಗಿದೆ ಎಂಬುದು ವಾದಕ್ಕೆಡೆಯಿಲ್ಲದಂತೆ ಕಂಡಿತು. ಕಾಗದ ಅಷ್ಟು ಕಾಲ ಬಾಳಿತು. ನಮ್ಮ ಟ್ರಂಕಿನ ಫಿಲ್ಮು ಬಾಳುವುದೆಂಬ ಭರವಸೆಯಿಲ್ಲ. ಕಲಬುರಗಿಯ ಬೇಸಗೆಯ ಕಾವಿಗೆ ಅಸಿಟೇಟ್ ಫಿಲ್ಮು ಕೆಡತೊಡಗಿ ವಿನೆಗರಿನ ಹುಳಿ ವಾಸನೆ ಬಿಡುತ್ತದೆ, ಸುರುಟುತ್ತದೆ. ಒಂದು ಕೆಟ್ಟರೆ ಪಕ್ಕದವನ್ನೂ ಕೆಡಿಸುತ್ತದೆ. ಊರಿನ ಹಳೆಯ ಸ್ಟುಡಿಯೋಗಳು ಒಂದೊಂದಾಗಿ ಮುಚ್ಚುವಾಗ ನೆಗೆಟಿವಿನ ಡಬ್ಬಿಗಳು ರದ್ದಿಗೆ ಹೋಗುವುದುಂಟು. ಅವುಗಳೊಡನೆ ಮೂರು ತಲೆಮಾರಿನ ಮುಖಗಳೂ ಹೋಗುತ್ತವೆ.

ಮಾಡಬೇಕಾದುದು ದೊಡ್ಡ ಕೆಲಸವೇನಲ್ಲ. ಹುಳಿ ವಾಸನೆಯವನ್ನು ಬೇರೆ ಇಡಬೇಕು. ಮಿಕ್ಕವನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಒಂದೊಂದಾಗಿ ಕಾಗದದ ಕವರಿಗೆ ಹಾಕಿ, ಮಾಳಿಗೆಯ ಕಾವು ತಗಲದ ಒಳಕೋಣೆಯಲ್ಲಿ ಇಡಬೇಕು. ಸಾಧ್ಯವಾದರೆ ಬೆಳಕಿಗೆ ಹಿಡಿದು ಫೋನಿನಲ್ಲಿಯೇ ಪ್ರತಿ ತೆಗೆದುಕೊಳ್ಳಬೇಕು. ಆ ಮದುವೆಯನ್ನು ಕಣ್ಣಾರೆ ಕಂಡವರು ಕೆಲವು ಮನೆಗಳಲ್ಲಿ ಇನ್ನೂ ಇದ್ದಾರೆ. ಪಟವನ್ನು ಅವರ ಕೈಗೆ ಕೊಟ್ಟು, “ಅವ್ವಾ, ಈ ಸೀರಿ ಯಾವ ಬಣ್ಣದ್ದಿತ್ತು?” ಎಂದು ಕೇಳಿ, ಅವರು ಹೇಳಿದುದನ್ನು ಕವರಿನ ಮೇಲೆ ಬರೆದಿಡಬೇಕು. ಪೆನ್ಸಿಲಿನಲ್ಲಿ ಬರೆಯುವುದು ಒಳ್ಳೆಯದು, ಶಾಯಿ ಹರಡುತ್ತದೆ.